ಅಕೌಂಟ್ ನಂದು, ಫೋನ್ ಅಮ್ಮಂದು: ಪ್ಲೇ ಕನ್ಸೋಲ್ ಡಿವೈಸ್ ವೆರಿಫಿಕೇಶನ್ ಕಥೆ

ಕಳೆದ ಎಪಿಸೋಡ್‌ನಲ್ಲಿ ನಮ್ಮ ಪಾಡ್‌ಕಾಸ್ಟ್‌ಗೆ ಒಂದು ಚಿಕ್ಕ ಆಂಡ್ರಾಯ್ಡ್ ಆಪ್ ಮಾಡ್ತಿದೀನಿ ಅಂತ ಹೇಳಿದ್ದೆ ಅಲ್ವಾ? ಆಪ್ ರೆಡಿ ಆಯ್ತು. ಪ್ಲೇ ಸ್ಟೋರ್‌ಗೆ ಹಾಕೋಕೆ ಡೆವಲಪರ್ ಅಕೌಂಟ್ ಬೇಕು. 25 ಡಾಲರ್ ಕಟ್ಟಿದೆ, ಅಂದ್ರೆ ಎರಡು ಸಾವಿರ ರೂಪಾಯಿಗೂ ಮೇಲೆ. ಒಂದು ಸಲ ಕಟ್ಟಿದ್ರೆ ಸಾಕು. ಆಪಲ್ ಆದ್ರೆ ಪ್ರತಿ ವರ್ಷ 99 ಡಾಲರ್, ಹಾಗಾಗಿ ಇದು ಅಗ್ಗ ಅಂತ ಖುಷಿಯಲ್ಲಿದ್ದೆ. ಗುರುತಿನ ಚೀಟಿ ಕೊಟ್ಟೆ, ಅದೂ ಪಾಸಾಯ್ತು. ಆಮೇಲೆ ಸ್ಕ್ರೀನ್ ಮೇಲೆ ಇನ್ನೊಂದು ಕೆಲಸ ಬಂತು: ನಿಮ್ಮ ಹತ್ರ ನಿಜವಾದ ಆಂಡ್ರಾಯ್ಡ್ ಫೋನ್ ಇದೆ ಅಂತ ತೋರಿಸಿ.

ನನ್ನ ಹತ್ರ ಇರೋದು ಸೆಕೆಂಡ್ ಹ್ಯಾಂಡ್ ಐಫೋನ್. ಹೌದು, ಆಂಡ್ರಾಯ್ಡ್ ಆಪ್ ಮಾಡಿದ್ದು ಐಫೋನ್ ಇಟ್ಕೊಂಡು. ನಗ್ಬೇಡಿ. ಆಪ್ ಬರೆದದ್ದು ಲ್ಯಾಪ್‌ಟಾಪ್‌ನಲ್ಲಿ, ಟೆಸ್ಟ್ ಮಾಡಿದ್ದು ಎಮ್ಯುಲೇಟರ್‌ನಲ್ಲಿ. ಎಮ್ಯುಲೇಟರ್ ಅಂದ್ರೆ ಕಂಪ್ಯೂಟರ್ ಒಳಗೇ ಓಡೋ ಒಂದು ನಕಲಿ ಫೋನ್. ಕಲಿಯೋಕೆ ಅದು ಸಾಕು, ಆದರೆ ಈ ವೆರಿಫಿಕೇಶನ್‌ಗೆ ನಡೆಯಲ್ಲ. ಐಫೋನೂ ನಡೆಯಲ್ಲ, ಯಾಕಂದ್ರೆ ಇದನ್ನ ಮಾಡ್ಬೇಕಾಗಿರೋದು ಪ್ಲೇ ಕನ್ಸೋಲ್ ಅನ್ನೋ ಆಂಡ್ರಾಯ್ಡ್ ಆಪ್ ಮೂಲಕ.

ಇಷ್ಟೆಲ್ಲ ಯಾಕೆ ಕೇಳ್ತಾರೆ? ಯುಪಿಐ ನೆನಪಿಸಿಕೊಳ್ಳಿ. ಹೊಸ ಫೋನ್‌ನಲ್ಲಿ ಯುಪಿಐ ಆಪ್ ಹಾಕಿದಾಗ ಅದು ನಿಮ್ಮ ಸಿಮ್‌ನಿಂದಲೇ ಒಂದು ಎಸ್ಸೆಮ್ಮೆಸ್ ಕಳಿಸುತ್ತೆ. ನಂಬರ್ ಗೊತ್ತಿದ್ರೆ ಸಾಲದು, ಆ ಸಿಮ್ ಈ ಫೋನ್‌ನಲ್ಲೇ ಇರ್ಬೇಕು ಅನ್ನೋ ಲೆಕ್ಕ. ಇಲ್ಲೂ ಹೆಚ್ಚುಕಡಿಮೆ ಅದೇ ತರ್ಕ, ಆದರೆ ಒಂದು ವ್ಯತ್ಯಾಸ ಇದೆ. ಯುಪಿಐ ಆ ಫೋನ್‌ಗೆ ಅಂಟಿಕೊಂಡೇ ಇರುತ್ತೆ, ಇದು ಒಂದೇ ಸಲದ ಹಾಜರಿ.

ಕಾಮರ್ಸ್ ಓದಿದವನಿಗೆ ಇದು ಖರ್ಚಿನ ಲೆಕ್ಕವಾಗಿ ಕಾಣುತ್ತೆ. ಮೋಸದ ಆಪ್ ಮಾಡೋರು ಒಂದು ಅಕೌಂಟ್ ಹೋದ್ರೆ ಇನ್ನೊಂದು ತೆರೀತಾರೆ. ಒಂದೇ ಕಂಪ್ಯೂಟರ್‌ನಲ್ಲಿ ಕೂತು ಸ್ಕ್ರಿಪ್ಟ್ ಓಡಿಸಿ ನೂರು ಅಕೌಂಟ್ ತೆರೆಯೋಕೆ ಹೊರಟವನಿಗೆ ನಿಜವಾದ ಫೋನ್ ಕೇಳಿದ್ರೆ ಕೆಲಸ ನಿಧಾನ ಆಗುತ್ತೆ, ದುಬಾರಿನೂ ಆಗುತ್ತೆ. ನಮ್ಮ ದೇಶದ್ದೇ ಉದಾಹರಣೆ ನೋಡಿ. 2022ರ ಸೆಪ್ಟೆಂಬರ್‌ನಿಂದ 2023ರ ಆಗಸ್ಟ್‌ವರೆಗೆ 2,200ಕ್ಕೂ ಹೆಚ್ಚು ಮೋಸದ ಸಾಲದ ಆಪ್‌ಗಳನ್ನ ಗೂಗಲ್ ಪ್ಲೇ ಸ್ಟೋರ್‌ನಿಂದ ತೆಗೆದಿದೆ ಅಂತ ಕೇಂದ್ರ ಸರ್ಕಾರ ಸಂಸತ್ತಿಗೆ ಹೇಳಿತ್ತು. ಫೋನ್‌ನ ಕಾಂಟ್ಯಾಕ್ಟ್ ಲಿಸ್ಟ್ ಕದ್ದು, ನೆಂಟರಿಗೆಲ್ಲ ಕಾಲ್ ಮಾಡಿ ಮಾನ ಕಳೀತಿದ್ವಲ್ಲ, ಆ ಥರದ ಆಪ್‌ಗಳು. ಪ್ರಾಮಾಣಿಕವಾಗಿ ಕಲಿಯೋ ಹುಡುಗರಿಗೆ ಇದು ಕಿರಿಕಿರಿ ಅನ್ನೋದು ನಿಜ. ಆದರೂ ಈ ನಿಯಮ ತಪ್ಪು ಅಂತ ನನಗನಿಸಲ್ಲ.

ನನ್ನ ಕಥೆಗೆ ಬರೋಣ. ಮನೆಯಲ್ಲಿ ಆಂಡ್ರಾಯ್ಡ್ ಇರೋದು ಅಮ್ಮನ ಹತ್ರ. ಲ್ಯಾಪ್‌ಟಾಪ್‌ನಲ್ಲಿ ಪ್ಲೇ ಕನ್ಸೋಲ್ ತೆರೆದೆ. ಆ ಕೆಲಸದ ವಿವರ ಒತ್ತಿದ್ರೆ ಒಂದು ಕ್ಯುಆರ್ ಕೋಡ್ ಬರುತ್ತೆ. ಅಮ್ಮನ ಫೋನ್‌ನಿಂದ ಸ್ಕ್ಯಾನ್ ಮಾಡಿದೆ, ಪ್ಲೇ ಕನ್ಸೋಲ್ ಆಪ್ ಇನ್‌ಸ್ಟಾಲ್ ಆಯ್ತು, ತೆರೆದೆ. ಡೆವಲಪರ್ ಅಕೌಂಟೇ ಇಲ್ಲ ಅಂತು. ಹತ್ತು ನಿಮಿಷ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯ್ತು, ಅದು ಅಮ್ಮನ ಜಿಮೇಲ್‌ನಲ್ಲಿ ತೆರೆದುಕೊಂಡಿತ್ತು. ಡೆವಲಪರ್ ಅಕೌಂಟಿನ ಮಾಲೀಕ ಯಾರೋ ಅದೇ ಜಿಮೇಲ್‌ನಲ್ಲಿ ಆಪ್ ತೆರೀಬೇಕು. ಬಹಳ ಜನ ಸಿಕ್ಕಿಹಾಕಿಕೊಳ್ಳೋದು ಇಲ್ಲೇ ಅನಿಸುತ್ತೆ. ನನ್ನ ಜಿಮೇಲ್ ಸೇರಿಸಿ, ಆಪ್‌ನಲ್ಲಿ ಅಕೌಂಟ್ ಬದಲಿಸಿ, ವೆರಿಫೈ ಒತ್ತಿದೆ. ಎರಡು ನಿಮಿಷದಲ್ಲಿ ಮುಗೀತು.

ಮುಗೀತು ಅಂದುಕೊಂಡೆ ಅಷ್ಟೇ. ಮಾರನೇ ದಿನ ಬೇರೆ ಕಂಪ್ಯೂಟರ್‌ನಲ್ಲಿ ಲಾಗಿನ್ ಆಗ್ತಿದ್ದೆ. ನನ್ನ ಫೋನ್ ಕಡೆ ಕೈ ಹೋಗೋದರೊಳಗೆ ಲಾಗಿನ್ ಆಗಿಬಿಡ್ತು! ಒಳಗೆ ಹೋಗಿ ನೋಡಿದ್ರೆ ಅಮ್ಮನ ಫೋನ್‌ಗೆ 'ಲಾಗಿನ್ ಆಗ್ತಿರೋದು ನೀವೇನಾ' ಅನ್ನೋ ಪ್ರಶ್ನೆ ಹೋಗಿದೆ, ಅಮ್ಮ 'ಹೌದು' ಒತ್ತಿದ್ದಾರೆ. ಕೇಳಿದ್ರೆ, "ಏನೋ ಬಂತು, ಒತ್ತಿದೆ" ಅಂದ್ರು. ಆಗ ನಿಜವಾಗ್ಲೂ ಹೆದರಿದೆ. ಒಂದು ಫೋನ್‌ಗೆ ನಿಮ್ಮ ಗೂಗಲ್ ಅಕೌಂಟ್ ಸೇರಿಸಿದ್ರೆ ಆ ಫೋನ್ ನಿಮ್ಮ ಮನೆ ಬೀಗದ ಇನ್ನೊಂದು ಕೀ ಆಗಿಬಿಡುತ್ತೆ. ಲಾಗಿನ್ ಆಗ್ತಿದ್ದದ್ದು ನಾನೇ, ಸರಿ. ಬೇರೆ ಯಾರೋ ಆಗಿದ್ರೆ?

ಇದನ್ನ ಯಾಕೆ ಇಷ್ಟು ಎಳೆದು ಹೇಳ್ತಿದೀನಿ ಅಂದ್ರೆ, ಒಬ್ಬ ಕೇಳುಗರು ಮೆಸೇಜ್ ಮಾಡಿದ್ರು. ಅವರ ಹತ್ರನೂ ಆಂಡ್ರಾಯ್ಡ್ ಇಲ್ಲ. ಟೆಲಿಗ್ರಾಮ್‌ನಲ್ಲಿ ಯಾರೋ 'ಐನೂರು ಕೊಡಿ, ನಮ್ಮ ಫೋನ್‌ನಲ್ಲಿ ವೆರಿಫೈ ಮಾಡಿಕೊಡ್ತೀವಿ' ಅಂದ್ರಂತೆ. ದಯವಿಟ್ಟು ಬೇಡ. ಅವನು ಆ ಕೆಲಸ ಮಾಡ್ಬೇಕಂದ್ರೆ ನಿಮ್ಮ ಪಾಸ್‌ವರ್ಡೂ ಬೇಕು, ಒಟಿಪಿನೂ ಬೇಕು. ಅಂದ್ರೆ ನಿಮ್ಮ ಮೇಲ್, ಡ್ರೈವ್, ಫೋಟೋ ಎಲ್ಲ ಅವನ ಕೈಗೆ. ಜೊತೆಗೆ ನಿಮ್ಮ ಗುರುತಿನ ಚೀಟಿ ಕೊಟ್ಟು ಪಾಸಾಗಿರೋ ಡೆವಲಪರ್ ಅಕೌಂಟ್. ಮೋಸಗಾರರಿಗೆ ಬೇಕಾಗಿರೋದೇ ಅದು. ಪರ್ಸನಲ್ ಅಕೌಂಟ್ ಆದ್ರೆ ಪ್ಲೇ ಸ್ಟೋರ್‌ನಲ್ಲಿ ನಿಮ್ಮ ದಾಖಲೆಯಲ್ಲಿರೋ ಹೆಸರೇ ಕಾಣುತ್ತೆ. ಆಪ್‌ನಿಂದ ದುಡ್ಡು ಮಾಡಿದ್ರೆ ಪೂರ್ತಿ ವಿಳಾಸನೂ. ಅವನು ನಿಮ್ಮ ಅಕೌಂಟ್‌ನಿಂದ ಸಾಲದ ಆಪ್ ಬಿಟ್ರೆ ಜನ ಹುಡುಕಿಕೊಂಡು ಬರೋದು ನಿಮ್ಮನ್ನ. ಅಕೌಂಟ್ ರದ್ದಾದ್ರೆ ಅದಕ್ಕೆ ಸಂಬಂಧ ಇರೋ ಬೇರೆ ಅಕೌಂಟ್‌ಗಳನ್ನೂ ಗೂಗಲ್ ಮುಚ್ಚಬಹುದು, ನಾಳೆ ಹೊಸದು ತೆರೆಯೋದೂ ಕಷ್ಟ. ಅಕೌಂಟ್ ಬಾಡಿಗೆಗೆ ಕೊಡಿ ಅನ್ನೋರಿಗೂ ಇದೇ ಉತ್ತರ.

ಹಾಗಾದ್ರೆ ಏನ್ಮಾಡೋದು? ಮನೆಯವರದ್ದೋ ತೀರಾ ನಂಬಿಕೆಯ ಗೆಳೆಯರದ್ದೋ ಫೋನ್ ತಗೊಳ್ಳಿ. ನೀವೇ ಕೈಯಲ್ಲಿ ಹಿಡ್ಕೊಂಡು, ನೀವೇ ಪಾಸ್‌ವರ್ಡ್ ಹಾಕಿ. ಅಕೌಂಟ್ ಸೇರಿಸಿದ ತಕ್ಷಣ ಕಾಂಟ್ಯಾಕ್ಟ್ ಸಿಂಕ್ ಆಫ್ ಮಾಡಿ, ಇಲ್ಲಾಂದ್ರೆ ನಿಮ್ಮ ಆಫೀಸಿನವರೆಲ್ಲ ಅಮ್ಮನ ಫೋನ್‌ಬುಕ್‌ನಲ್ಲಿ ಬಂದು ಕೂರ್ತಾರೆ. (ನನ್ನ ಹಳೇ ಮ್ಯಾನೇಜರ್‌ಗೆ ಅಮ್ಮನಿಂದ ಒಂದು ಮಿಸ್ಡ್ ಕಾಲ್ ಹೋಗಿದೆ, ಬಿಡಿ.) ವೆರಿಫೈ ಆಗಿದೆ ಅಂತ ಲ್ಯಾಪ್‌ಟಾಪ್‌ನಲ್ಲಿ ಕಂಡ ಮೇಲೆ ಫೋನ್ ಸೆಟ್ಟಿಂಗ್ಸ್‌ಗೆ ಹೋಗಿ ನಿಮ್ಮ ಅಕೌಂಟ್ ರಿಮೂವ್ ಮಾಡಿ. ಪ್ಲೇ ಕನ್ಸೋಲ್ ಆಪ್ ಡಿಲೀಟ್ ಮಾಡಿದ್ರೆ ಸಾಲದು, ಅಕೌಂಟ್ ಫೋನ್‌ನಲ್ಲೇ ಉಳಿದಿರುತ್ತೆ. ಆಮೇಲೆ ಗೂಗಲ್ ಅಕೌಂಟ್‌ನ ಸೆಕ್ಯುರಿಟಿ ಪುಟದಲ್ಲಿ ನಿಮ್ಮ ಡಿವೈಸ್‌ಗಳ ಪಟ್ಟಿ ಇರುತ್ತೆ. ಆ ಫೋನ್ ಇನ್ನೂ ಅಲ್ಲಿದ್ರೆ ಸೈನ್ ಔಟ್ ಮಾಡಿ. ನಾನು ತೆಗೆದ ಮೇಲೂ ವೆರಿಫಿಕೇಶನ್ ಹಾಗೇ ಇದೆ, ಏನೂ ತೊಂದರೆ ಆಗಿಲ್ಲ.

ಇನ್ನು ಮುಂದಿನ ಮೆಟ್ಟಿಲು. 2023ರ ನವೆಂಬರ್ 13ರ ನಂತರ ತೆರೆದ ಪರ್ಸನಲ್ ಅಕೌಂಟ್ ಆದ್ರೆ, ಆಪ್ ಎಲ್ಲರಿಗೂ ಬಿಡೋ ಮೊದಲು ಕ್ಲೋಸ್ಡ್ ಟೆಸ್ಟ್ ಮಾಡ್ಬೇಕು. ಮೊದಲು 20 ಜನ ಬೇಕಿತ್ತು, 2024ರ ಡಿಸೆಂಬರ್‌ನಲ್ಲಿ ಅದನ್ನ 12ಕ್ಕೆ ಇಳಿಸಿದ್ರು. ಅವರು ಸತತ 14 ದಿನ ಟೆಸ್ಟ್‌ನಲ್ಲಿ ಇರ್ಬೇಕು. ನನಗೆ ಸದ್ಯ ಸಿಕ್ಕಿರೋದು ಏಳು ಜನ, ಅಮ್ಮನೂ ಸೇರಿ. ಅಮ್ಮ ಈ ಸಲ ಅವರದ್ದೇ ಜಿಮೇಲ್‌ನಲ್ಲಿ ಇದಾರೆ. ಇನ್ನೂ ಐದು ಜನ ಬೇಕು. ಆಂಡ್ರಾಯ್ಡ್ ಇರೋರು, ಎರಡು ವಾರ ಆಪ್ ಡಿಲೀಟ್ ಮಾಡದೆ ಇರ್ತೀನಿ ಅನ್ನೋರು ಮೆಸೇಜ್ ಮಾಡಿ. ಪಾಸ್‌ವರ್ಡ್ ಕೇಳಲ್ಲ, ನಿಮ್ಮ ಜಿಮೇಲ್ ಐಡಿ ಒಂದಿದ್ರೆ ಸಾಕು.