ಮದ್ದಿಲ್ಲದ ರೋಗಕ್ಕೆ ತಿಳಿವಳಿಕೆಯ ಚಿಕಿತ್ಸೆ

ವೈದ್ಯನು ಮದ್ದು ಕೊಡುವನು, ರೋಗಿಯು ಸೇವಿಸುವನು. ಚಿಕಿತ್ಸೆಯೆಂದರೆ ಇಷ್ಟೇ ಎಂಬುದು ಸಾಮಾನ್ಯರ ಎಣಿಕೆ. ಮದ್ದೇ ಇಲ್ಲದ ರೋಗ ಬಂದೆರಗಿದರೆ ಆಸ್ಪತ್ರೆಯು ಮಾಡಬೇಕಾದುದೇನು? ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳು ಸೇರಿದ್ದ ಅಂದಿನ ಗುಲ್ಬರ್ಗಾ ಜಿಲ್ಲೆಗೆ ಈ ಪ್ರಶ್ನೆ ನಾರುಹುಣ್ಣಿನ ರೂಪದಲ್ಲಿ ಎದುರಾಯಿತು.

ಆಯುರ್ವೇದದಲ್ಲಿ ಇದಕ್ಕೆ ‘ಸ್ನಾಯುಕ’ವೆಂದು ಹೆಸರು. ಸ್ನಾಯುವೆಂದರೂ ನಾರೇ. ಹುಣ್ಣಿನಿಂದ ಹೊರಬೀಳುವ ಬಿಳಿಯ ಎಳೆಯನ್ನು ಕಂಡು ಸಂಸ್ಕೃತದ ವೈದ್ಯನೂ ಕನ್ನಡದ ರೈತನೂ ಒಂದೇ ಹೆಸರನ್ನಿಟ್ಟುದು ಸ್ವಾರಸ್ಯಕರವಾಗಿದೆ. ವಾಸ್ತವವಾಗಿ ಅದು ನಾರಲ್ಲ. ಒಂದು ಮೀಟರಿನವರೆಗೂ ಬೆಳೆಯಬಲ್ಲ ಹೆಣ್ಣು ಹುಳು.

ಮೆಟ್ಟಿಲುಬಾವಿಯ ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಅತಿಸಣ್ಣ ಜಲಚರಗಳಿರುತ್ತವೆ. ಅವುಗಳ ಒಡಲಲ್ಲಿ ಈ ಹುಳುವಿನ ಮರಿಗಳು ಅಡಗಿರುತ್ತವೆ. ಆ ನೀರನ್ನು ಸೋಸದೆ ಕುಡಿದವನ ದೇಹದಲ್ಲಿ ಮರಿಯು ಸುಮಾರು ಒಂದು ವರ್ಷ ಸದ್ದಿಲ್ಲದೆ ಬೆಳೆದು, ಬಹುಮಟ್ಟಿಗೆ ಕಾಲಿನಲ್ಲಿ ಬೊಕ್ಕೆಯಾಗಿ ಹೊರಬರುತ್ತದೆ. ಬೊಕ್ಕೆ ಬೆಂಕಿಯಂತೆ ಉರಿಯುವುದು. ಉರಿ ತಾಳಲಾರದವನು ಕಾಲನ್ನು ತಣ್ಣೀರಿಗೆ ಇಳಿಬಿಡುವನು. ಕೊಡ ತುಂಬುವ ಹೆಣ್ಣುಮಗಳು ಹೇಗೂ ನೀರಿಗಿಳಿಯಲೇಬೇಕು. ನೀರು ತಾಗಿದೊಡನೆ ಹುಳು ಅಸಂಖ್ಯ ಮರಿಗಳನ್ನು ಹೊರಸೂಸುತ್ತದೆ. ನೋವಿಗೆ ಉಪಶಮನ ಹುಡುಕಿದವರೇ ಊರಿನ ಮುಂದಿನ ವರ್ಷದ ರೋಗವನ್ನು ಅರಿಯದೆ ಬಿತ್ತಿದಂತಾಗುತ್ತಿತ್ತು.

ಎಳೆಯನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟೆಂದು ಎಳೆಯುವುದೇ ಹಳೆಯ ಉಪಾಯ. ಹರಿದರೆ ಬಾವು, ಕೀವು. ಲಸಿಕೆಯಿಲ್ಲ, ಹುಳುವನ್ನು ಕೊಲ್ಲುವ ಗುಳಿಗೆಯಿಲ್ಲ, ಒಮ್ಮೆ ಬಂದವನಿಗೆ ಮತ್ತೆ ಬಾರದೆಂಬ ಭರವಸೆಯೂ ಇಲ್ಲ. ಆದುದರಿಂದ 1980ರ ದಶಕದ ಆರಂಭದಲ್ಲಿ ಮೊದಲಾದ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮದಲ್ಲಿ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದು, ಕೈಪಂಪು ಹಾಕಿಸುವುದು ಮೊದಲಾದ ಕೆಲಸಗಳೊಡನೆ ಮನೆಮನೆಗೆ ಹೋಗಿ ತಿಳಿಹೇಳುವುದೂ ಸೇರಿತು. ಹೇಳಬೇಕಾದುದು ಎರಡೇ ಮಾತು: ಹುಣ್ಣಿದ್ದವರು ಕುಡಿಯುವ ನೀರಿಗೆ ಇಳಿಯಬಾರದು, ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿಯೇ ಕುಡಿಯಬೇಕು.

ಮಾತು ಸುಲಭ, ನಂಬಿಸುವುದು ಕಷ್ಟ. ಇಂದು ಕುಡಿದ ನೀರಿಗೂ ಬರುವ ವರ್ಷದ ಹುಣ್ಣಿಗೂ ನಂಟುಂಟೆಂದರೆ ಯಾರು ತಾನೆ ಒಪ್ಪುವರು? ಗಾಜಿನ ಲೋಟದಲ್ಲಿ ಬಾವಿಯ ನೀರನ್ನು ಬೆಳಕಿಗೆ ಹಿಡಿದರೆ ಚುಕ್ಕೆಗಳಂತೆ ಪುಟಿಯುವ ಜೀವಿಗಳು ಬರಿಗಣ್ಣಿಗೇ ಕಾಣುತ್ತವೆ. ಸೋಸಿದ ಲೋಟವನ್ನು ಪಕ್ಕದಲ್ಲಿಟ್ಟರೆ ಉಪನ್ಯಾಸದ ಅಗತ್ಯವೇ ಇರದು.

1984ರಲ್ಲಿ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು. ಕೊನೆಯ ಪ್ರಕರಣ 1996ರ ಜುಲೈಯಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ಕಂಡಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವನ್ನು ಈ ರೋಗದಿಂದ ಮುಕ್ತವೆಂದು ಸಾರಿತು.

ಯಾದಗಿರಿ 2009ರ ಕೊನೆಯಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಇಂದು ಕ್ಷಯಕ್ಕೆ ಮದ್ದುಂಟು, ಉಚಿತವಾಗಿಯೂ ದೊರೆಯುತ್ತದೆ. ಆದರೆ ಕೆಲವು ವಾರಗಳಲ್ಲೇ ಕೆಮ್ಮು ತಗ್ಗಿ ಮೈ ಹಗುರಾದ ರೋಗಿಗೆ ಇನ್ನೂ ತಿಂಗಳುಗಟ್ಟಲೆ ಗುಳಿಗೆ ನುಂಗಬೇಕೇಕೆಂದು ಯಾರಾದರೂ ಕುಳಿತು ಬಿಡಿಸಿ ಹೇಳಬೇಕು. ಗುಳಿಗೆ ಕೊಡುವ ಕಿಟಕಿಯ ಮುಂದೆ ಆ ಮಾತಿಗೆ ದೊರೆಯುವ ಹೊತ್ತು ಬಹು ಸ್ವಲ್ಪ.