ಪಾಲುದಾರ ರೈತನ ತಾಳ್ಮೆ



ಖಾನಾಪುರ ತಾಲ್ಲೂಕಿನಲ್ಲಿ ಭತ್ತ, ಗೆಣಸು, ಗೋಡಂಬಿ ಬೆಳೆಯುವ ನೀವು ರೈತ ಉತ್ಪಾದಕ ಕಂಪನಿಯೊಂದರಲ್ಲಿ ಸಾವಿರವೋ ಎರಡು ಸಾವಿರವೋ ರೂಪಾಯಿ ಪಾಲು ಹಾಕಿದ್ದೀರಿ ಎಂದಿಟ್ಟುಕೊಳ್ಳಿ. ವರ್ಷ ಕಳೆಯಿತು. "ಲೈಸನ್ಸ್ ಬರಬೇಕು, ಬೆಳಗಾವಿಯ ವ್ಯಾಪಾರಿಯೊಡನೆ ಕರಾರು ಆಗಬೇಕು" ಎಂಬ ಮಾತೇ ಕೇಳಿಬರುತ್ತಿದೆ. ಆ ದುಡ್ಡಿಗೆ ಎರಡು ಚೀಲ ಗೊಬ್ಬರವಾದರೂ ಬರುತ್ತಿತ್ತೆಂದು ಮನೆಯವರು ಆಡುತ್ತಾರೆ. ಹೀಗಿರುವಾಗ ಕಾಯುವುದೇ, ಬಿಡುವುದೇ? ಇದನ್ನು ತೀರ್ಮಾನಿಸುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರುವುದು ಒಳ್ಳೆಯದು.

ಮೊದಲನೆಯದು, ಈ ಪಾಲು ಪೇಟೆಯ ಷೇರಿನಂಥದಲ್ಲ. ಬೆಳಗಾವಿ ನಗರದಲ್ಲಿ ಷೇರುಪೇಟೆಯ ಪಾಲು ಕೊಂಡವರಿಗೆ, ಕಂಪನಿಗೆ ದೊಡ್ಡ ಕರಾರು ಸಿಕ್ಕಿತು ಎಂಬ ಸುದ್ದಿ ಬಂದೊಡನೆ ಬೆಲೆ ಏರಬಹುದು; ಸುದ್ದಿ ಸುಳ್ಳಾದರೆ ಇಳಿಯಲೂಬಹುದು. ರೈತರ ಕಂಪನಿಗೆ 2002ರಲ್ಲಿ ಕಂಪನಿ ಕಾಯ್ದೆಯಲ್ಲಿ ಬೇರೆಯೇ ನಿಯಮಗಳನ್ನು ಮಾಡಲಾಯಿತು. ಇದರ ಪಾಲನ್ನು ಷೇರುಪೇಟೆಯಲ್ಲಿ ಮಾರಲಾಗದು. ಆಡಳಿತ ಮಂಡಳಿಯ ಒಪ್ಪಿಗೆ ಪಡೆದು, ಇನ್ನೊಬ್ಬ ಸಕ್ರಿಯ ಸದಸ್ಯನಿಗೆ, ಮುಖಬೆಲೆಗೆ ಮಾತ್ರ ವರ್ಗಾಯಿಸಬಹುದು. ಆದ್ದರಿಂದ "ಲೈಸನ್ಸ್ ಬಂದರೆ ನಿಮ್ಮ ಪಾಲು ದುಪ್ಪಟ್ಟಾಗುತ್ತದೆ" ಎಂದು ಯಾರಾದರೂ ಹೇಳಿದರೆ ನಂಬಬೇಡಿರಿ. ನಿಮ್ಮ ಲಾಭ ಬರುವುದು ನೀವು ಕಂಪನಿಗೆ ಕೊಟ್ಟ ಮಾಲಿನಿಂದ. ಮಾಲಿಗೆ ತಕ್ಕ ಬೆಲೆ, ವರ್ಷದ ಕೊನೆಯಲ್ಲಿ ಉಳಿತಾಯವಿದ್ದರೆ ಕೊಟ್ಟ ಮಾಲಿನ ಪ್ರಮಾಣದಂತೆ ಬೋನಸ್, ಪಾಲಿನ ಮೇಲೆ ಮಿತವಾದ ಪ್ರತಿಫಲ, ಇಷ್ಟೇ.

ಎರಡನೆಯದು, ತಡವಾಗುವುದಕ್ಕೆ ಕಾರಣವುಂಟು. ಒಂದು ಕೆಲಸ ಇನ್ನೊಂದಕ್ಕೆ ಗಂಟು ಬಿದ್ದಿರುತ್ತದೆ. ಬೀಜ ಮಾರಲು 1983ರ ಬೀಜ ನಿಯಂತ್ರಣ ಆದೇಶದ ಪ್ರಕಾರ, ಗೊಬ್ಬರ ಮಾರಲು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅನುಮತಿ ಬೇಕು. ಅಕ್ಕಿ ಮಾಡಿಸಿ ಚೀಲ ಕಟ್ಟಿ ಮಾರಲು 2006ರ ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ ಇಲ್ಲವೆ ಲೈಸನ್ಸ್ ಬೇಕು. ಅರ್ಜಿಗೆ ಜಾಗದ ಕಾಗದ ಬೇಕು. ಜಾಗಕ್ಕೆ ಹಣ ಬೇಕು. ಹಣ ನಿಮ್ಮ ಪಾಲಿನಿಂದಲೇ ಕೂಡಬೇಕು. ಇದೆಲ್ಲ ಆದ ಮೇಲೆಯೇ ದೊಡ್ಡ ವ್ಯಾಪಾರಿ ಕರಾರಿಗೆ ಸಹಿ ಹಾಕುತ್ತಾನೆ. ಸಸಿ ಮಡಿ ಬಿಟ್ಟು ನೇರವಾಗಿ ಸುಗ್ಗಿಗೆ ಹೋಗಲಾಗದು.

ಆದರೆ ತಾಳ್ಮೆ ಎಂದರೆ ಕಣ್ಣು ಮುಚ್ಚಿ ಕುಳಿತಿರುವುದಲ್ಲ. ಅರ್ಜಿ ಯಾವ ತಾರೀಖಿಗೆ ಕೊಟ್ಟಿದ್ದು, ಅದರ ಸಂಖ್ಯೆ ಏನು, ಯಾವ ಕಚೇರಿಯಲ್ಲಿದೆ, ಏನು ಆಕ್ಷೇಪ ಬಂದಿದೆ? ಈ ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಉತ್ತರ ತಿಂಗಳು ತಿಂಗಳಿಗೆ ಮುಂದೆ ಸಾಗುತ್ತಿದ್ದರೆ ಕಾಯಿರಿ. ಆರು ತಿಂಗಳಾದರೂ ಅದೇ ಉತ್ತರವಾದರೆ ಎಚ್ಚರವಾಗಿರಿ.

ಕೇಳುವ ಹಕ್ಕು ನಿಮಗಿದೆ. ವಾರ್ಷಿಕ ಸಭೆಗೆ ಕನಿಷ್ಠ 14 ದಿನ ಮೊದಲು ಲಿಖಿತ ನೋಟೀಸು, ಜೊತೆಗೆ ಲೆಕ್ಕಪತ್ರ ನಿಮಗೆ ಬರಬೇಕು. ರೈತರೇ ಸದಸ್ಯರಾಗಿರುವ ಕಂಪನಿಯಲ್ಲಿ ಹತ್ತು ಪಾಲಿನವನಿಗೂ ಒಂದೇ ಮತ, ನೂರು ಪಾಲಿನವನಿಗೂ ಒಂದೇ ಮತ. ಮತದ ಹಕ್ಕುಳ್ಳ ಸದಸ್ಯರಲ್ಲಿ ಮೂರನೆಯ ಒಂದು ಭಾಗದವರು ಸಹಿ ಮಾಡಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು. ಪಾಲು ಪತ್ರವನ್ನು ಜೋಪಾನವಾಗಿಡಿರಿ. ಸದಸ್ಯರಾದ ಮೂರು ತಿಂಗಳೊಳಗೆ ವಾರಸುದಾರರ ಹೆಸರು ಬರೆಯಿಸಿರಿ.

ಕರಾರು ಬಂದಾಗಲೂ ಅವಸರ ಬೇಡ. ಸಭೆಯಲ್ಲಿ ಅದನ್ನು ಕನ್ನಡದಲ್ಲಿ ಓದಿ ಹೇಳಿಸಿರಿ. ತೂಕ ಎಲ್ಲಿ ಆಗುತ್ತದೆ, ತೇವಾಂಶ ಎಷ್ಟಿರಬೇಕು, ಚೀಲ, ಹಮಾಲಿ, ಲಾರಿ ಬಾಡಿಗೆ ಯಾರ ಮೇಲೆ, ಹಣ ಎಷ್ಟು ದಿನಕ್ಕೆ ಬರುತ್ತದೆ ಎಂಬುದು ಸ್ಪಷ್ಟವಾಗಲಿ. ಒಪ್ಪಿದ ಮೇಲೆ ಮಾತು ಉಳಿಸಿಕೊಳ್ಳಿರಿ. ಸಂತೆಯಲ್ಲಿ ಎರಡು ರೂಪಾಯಿ ಹೆಚ್ಚು ಸಿಕ್ಕಿತೆಂದು ಎಲ್ಲರೂ ಮಾಲನ್ನು ಬೇರೆಡೆ ಹಾಕಿದರೆ, ವರ್ಷಗಟ್ಟಲೆ ಕಾದು ಪಡೆದ ಕರಾರು ಒಂದೇ ವಾರದಲ್ಲಿ ಮುರಿಯುತ್ತದೆ.

ನಮ್ಮ ನಾಡಿಗೆ ಇದು ಹೊಸತಲ್ಲ. ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ; ಮರುವರ್ಷವೇ, 1905ರಲ್ಲಿ, ಗದಗ ಬಳಿಯ ಕಣಗಿನಹಾಳದ ಒಕ್ಕಲಿಗರು ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಅವರಿಗೂ ಕಾಗದಪತ್ರ ಸರಿಯಾದ ಮೇಲೆಯೇ ಕೆಲಸ ನಡೆದದ್ದು.

ಕೊನೆಯದಾಗಿ ಒಂದು ಮಾತು. ಬಿತ್ತುವ ಬೀಜದ ಹಣವನ್ನು, ಸಾಲ ತಂದ ಹಣವನ್ನು ಪಾಲಿಗೆ ಹಾಕಬೇಡಿರಿ. ಎರಡು ಮೂರು ವರ್ಷ ಮುಟ್ಟದೆ ಇರಬಲ್ಲ ಹಣವನ್ನಷ್ಟೇ ಹಾಕಿರಿ. ಆಗ ಕಾಯುವುದು ಕಷ್ಟವೆನಿಸದು. ಪ್ರಶ್ನೆ ಕೇಳುವ ಧೈರ್ಯವೂ ಉಳಿಯುತ್ತದೆ.