ಬಡ್ಡಿಯಿಲ್ಲದ ಬೆಳೆಸಾಲವೂ ಬಂಧುಗಳ ಕೈಸಾಲವೂ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ನದಿಯ ನಾಲೆಗಳಿಲ್ಲ. ಕೆರೆ ಮತ್ತು ಕೊಳವೆಬಾವಿಗಳೇ ಬೇಸಾಯಕ್ಕೆ ಆಧಾರವಾಗಿರುವುವು. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಲ್ಲಿ ಕೆರೆಗಳಿಗೆ ಬರತೊಡಗುವುದಕ್ಕೆ ಮೊದಲು, 1,000 ಅಡಿಗೂ ಕೆಳಗೆ ಕೊರೆಯಿಸಿ ನೀರು ಕಾಣದೆ ಹೋದವರು ಅನೇಕರು. ನೀರು ಬರಲಿ ಬಾರದಿರಲಿ, ಬಾವಿಯ ಸಾಲ ತೀರಿಸತಕ್ಕದ್ದೇ. ಇಂಥ ಹಣವನ್ನು ರೈತನು ಮೊದಲು ಕೇಳುವುದು ಭಾವಮೈದುನನನ್ನು ಅಥವಾ ಸೋದರಮಾವನನ್ನು. ಅದಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ, ಗಡುವಿಲ್ಲ. ಆದರೆ ಕೊಟ್ಟವನ ಮನೆಯಲ್ಲಿ ಮದುವೆ ಗೊತ್ತಾದ ದಿವಸ ಗಡುವು ತಾನಾಗಿಯೇ ಬಂದೊದಗುವುದು.

ಆ ಸಮಯದಲ್ಲಿ ರೈತನ ದೃಷ್ಟಿ ಸಹಕಾರ ಸಂಘದ ಬೆಳೆಸಾಲದ ಕಡೆಗೆ ಹರಿಯುವುದು ಸಹಜ. ಎರಡಕ್ಕೂ ಬಡ್ಡಿಯಿಲ್ಲವಾದುದರಿಂದ ಒಂದನ್ನು ತೆಗೆದು ಇನ್ನೊಂದನ್ನು ತೀರಿಸಿದರೆ ನಷ್ಟವೇನೆಂದು ಅವನು ಕೇಳುವನು. ಈ ಪ್ರಶ್ನೆಗೆ ಗ್ರಾಮದ ಮುಖಂಡರು ಉತ್ತರ ಹೇಳಬೇಕಾಗುವುದರಿಂದ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಪರ್ಯಾಲೋಚಿಸುವುದು ಉಚಿತ.

ಕಿಸಾನ್ ಕ್ರೆಡಿಟ್ ಕಾರ್ಡು 1998ರಲ್ಲಿ ಆರಂಭವಾಯಿತು. ಇದು ಎಲ್ಲ ಕಡೆಯೂ ಬಡ್ಡಿಯಿಲ್ಲದ್ದೆಂಬ ಭಾವನೆ ತಪ್ಪು. ವಾಣಿಜ್ಯ ಬ್ಯಾಂಕಿನಲ್ಲಿ 3 ಲಕ್ಷದವರೆಗಿನ ಬೆಳೆಸಾಲಕ್ಕೆ ನೂರಕ್ಕೆ 7ರಂತೆ ಬಡ್ಡಿಯುಂಟು. ಗಡುವಿನೊಳಗೆ ಕಟ್ಟಿದವನಿಗೆ 3 ರಿಯಾಯಿತಿ ದೊರೆತು 4 ಉಳಿಯುವುದು. ಶೂನ್ಯ ಬಡ್ಡಿ ಇರುವುದು ಸಹಕಾರ ಸಂಘಗಳ ಮೂಲಕ ರಾಜ್ಯ ಸರ್ಕಾರವು ಬಡ್ಡಿಯನ್ನು ತಾನು ಭರಿಸಿ ಕೊಡಿಸುವ ಸಾಲಕ್ಕೆ ಮಾತ್ರ. ಇದರ ಮಿತಿಯನ್ನು 2023-24ನೆಯ ಸಾಲಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಲಾಯಿತು. ಗಡುವು ಮೀರಿತೆಂದರೆ ಈ ಸಹಾಯಧನ ದೊರೆಯದು, ಬಡ್ಡಿ ರೈತನ ತಲೆಯ ಮೇಲೆ ಬೀಳುವುದು.

ಮುಳಬಾಗಿಲಿನ ಕಡೆಯ ಟೊಮ್ಯಾಟೊ ಬೆಳೆಗಾರನೊಬ್ಬನನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಅವನು ಭಾವಮೈದುನನಿಗೆ 1,20,000 ರೂಪಾಯಿ ಕೊಡಬೇಕು. ಸಂಘದಲ್ಲಿ 1,00,000 ಬೆಳೆಸಾಲ ದೊರೆಯುವುದು. ಅದನ್ನೆಲ್ಲ ಅವನು ಕೈಸಾಲಕ್ಕೆ ಸಲ್ಲಿಸಿದನೆನ್ನೋಣ. ಮರುದಿನವೇ ಸಸಿ, ಆಸರೆಯ ಕೋಲು, ದಾರ, ಗೊಬ್ಬರ, ಔಷಧಿಗಳಿಗೆ ಹಣ ಬೇಕು. ಅವನು ಮಂಡಿಯವನಲ್ಲಿ ಮುಂಗಡ ಪಡೆಯುವನು. ಮುಂಗಡ ಕೊಟ್ಟವನ ಮಂಡಿಗೇ ಮಾಲನ್ನು ಹಾಕುವ ಕಟ್ಟುಪಾಡು ಬರುವುದು. ಸಾಲದಿದ್ದರೆ ಊರಿನಲ್ಲಿ ತಿಂಗಳಿಗೆ ನೂರಕ್ಕೆ 3ರಂತೆ, ಅಂದರೆ ವರ್ಷಕ್ಕೆ 36ರಂತೆ, ತರುವನು. ಮುಂಬಾಗಿಲಿನಿಂದ ಕಳುಹಿಸಿದ ಬಡ್ಡಿ ಹಿತ್ತಿಲಿನಿಂದ ಒಳಗೆ ಬಂದಂತಾಯಿತು. 2023ರ ಜುಲೈ ತಿಂಗಳಿನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಪೆಟ್ಟಿಗೆಯ ಬೆಲೆ 2,000 ರೂಪಾಯಿಗಳನ್ನು ಮೀರಿತ್ತೆಂಬುದು ನಿಜ. ಆದರೆ ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಯ ಬದಿಗೆ ಸುರಿದ ದಿನಗಳನ್ನು ಇದೇ ಜಿಲ್ಲೆಯ ರೈತರು ಕಂಡಿರುವರು. ಅಂಥ ವರ್ಷ ಭಾವಮೈದುನನಾದರೆ ಕಾಯುವನು. ಸಂಘದ ಗಡುವು ಕಾಯದು.

ಗಡುವಿನ ಹೊತ್ತಿಗೆ ಹತ್ತು ದಿವಸಕ್ಕೆಂದು ಹೊರಗೆ ಹಣ ತಂದು ಕಟ್ಟಿ, ಹೊಸ ಸಾಲ ಮಂಜೂರಾದೊಡನೆ ಹಿಂದಿರುಗಿಸುವ ರೂಢಿಯೂ ಉಂಟು. ಲಕ್ಷಕ್ಕೆ ನೂರಕ್ಕೆ 2ರಂತೆ ಕೊಟ್ಟರೂ 2,000 ರೂಪಾಯಿ ಹೋಯಿತು. ಹೊಸ ಸಾಲ ತಡವಾದರೆ ಹೋಗುವುದು ಇನ್ನೂ ಹೆಚ್ಚು.

ಮಾಲೂರು, ನರಸಾಪುರಗಳ ಕಾರ್ಖಾನೆಗಳಿಗೆ ಹೋಗುವ ಮಕ್ಕಳ ಬಳಿ ಬ್ಯಾಂಕಿನ ಬೇರೆ ಬಗೆಯ ಕಾರ್ಡುಗಳಿರುವುವು. ಇವುಗಳಲ್ಲಿ ಸುಮಾರು 45 ದಿವಸ ಬಡ್ಡಿಯಿಲ್ಲವೆಂಬ ಮಾತು ಅಂಗಡಿಯ ಖರೀದಿಗೆ ಅನ್ವಯಿಸುವುದೇ ಹೊರತು ನಗದಿಗಲ್ಲ. ಯಂತ್ರದಿಂದ ನೋಟು ತೆಗೆದ ದಿನದಿಂದಲೇ ಬಡ್ಡಿ ನಡೆಯುವುದು. ಶುಲ್ಕ ನೂರಕ್ಕೆ ಎರಡೂವರೆ, ಬಡ್ಡಿ ತಿಂಗಳಿಗೆ ಮೂರೂವರೆ, ಇವೆರಡರ ಮೇಲೆ ನೂರಕ್ಕೆ 18ರ ತೆರಿಗೆ ಎಂದಿಟ್ಟುಕೊಂಡರೆ 50,000 ರೂಪಾಯಿಗೆ ಒಂದು ತಿಂಗಳಲ್ಲಿ 3,540 ರೂಪಾಯಿ ಬೀಳುವುದು. ಊರಿನ ಸಾಹುಕಾರನು ಇಷ್ಟು ಕೇಳಿದ್ದರೆ ಪಂಚಾಯಿತಿ ಸೇರುತ್ತಿತ್ತು.

ಹಾಗಾದರೆ ಬಂಧುವಿನ ಹಣವನ್ನು ತೀರಿಸುವ ಬಗೆ ಯಾವುದು? ಕಿಸಾನ್ ಕಾರ್ಡಿನ ನಿಯಮದಲ್ಲಿಯೇ ಬೆಳೆಯ ಖರ್ಚಿನ ಮೇಲೆ ನೂರಕ್ಕೆ 10ರಷ್ಟನ್ನು ಕೊಯ್ಲಿನ ನಂತರದ ವೆಚ್ಚ ಮತ್ತು ಮನೆಯ ಬಳಕೆಗಾಗಿ ಸೇರಿಸಲಾಗಿರುವುದು. ಅಷ್ಟನ್ನು ಮುಟ್ಟಿದರೆ ಬೆಳೆಗೆ ಕೊರತೆಯಾಗದು. ಖಾಸಗಿ ಸಾಲದಿಂದ ಸಂಕಟಕ್ಕೊಳಗಾದ ರೈತರಿಗೆ ಅದನ್ನು ತೀರಿಸಲು ಕೊಡುವ ಸಾಲವನ್ನು ರಿಸರ್ವ್ ಬ್ಯಾಂಕು ಆದ್ಯತೆಯ ಕೃಷಿಸಾಲವೆಂದೇ ಎಣಿಸುವುದು. ಇದಕ್ಕೆ ಬಡ್ಡಿಯುಂಟು, ಆದರೆ ಕಂತುಗಳಿರುವುವು, ಬೆಳೆಯ ಹಣ ಬೆಳೆಗೇ ಉಳಿಯುವುದು. ವ್ಯವಸ್ಥಾಪಕರನ್ನು ಕೇಳದೆ ಇದು ದೊರೆಯದು, ಕೇಳುವವರೇ ವಿರಳ.

ಶ್ರೀನಿವಾಸಪುರದ ಮಾವಿನ ತೋಟದವರು ಇನ್ನೊಂದನ್ನು ಗಮನಿಸತಕ್ಕದ್ದು. ಅವರ ಕೈಗೆ ಹಣ ಬರುವುದು ಮೇ ತಿಂಗಳಿನಿಂದ ಜುಲೈವರೆಗೆ. ಗಡುವು ಮಾರ್ಚಿಯಲ್ಲಿ ಬಿದ್ದರೆ ಹೂವಿನಲ್ಲಿಯೇ ತೋಟವನ್ನು ಗುತ್ತಿಗೆದಾರನಿಗೆ ಒಪ್ಪಿಸಬೇಕಾಗುವುದು. ಬೆಳೆ ಮಾರಾಟದ ಕಾಲಕ್ಕೆ ಸರಿಯಾಗಿ ಗಡುವನ್ನು ಗೊತ್ತುಮಾಡುವಂತೆ ಸಾಲ ಪಡೆಯುವಾಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಮೇಲೆ ಹೇಳಿದ ಟೊಮ್ಯಾಟೊ ಬೆಳೆಗಾರನಿಗೆ ಮದುವೆಗೆ ಆರು ತಿಂಗಳ ಕಾಲವಿದೆಯೆನ್ನೋಣ. ಮನೆಯ ಬಳಕೆಯ ಭಾಗದಿಂದ 10,000. ಡೇರಿಯವರು ಹದಿನೈದು ದಿವಸಕ್ಕೊಮ್ಮೆ ಕೊಡುವ ಹಾಲಿನ ಹಣದಲ್ಲಿ 4,000ದಂತೆ ಹನ್ನೆರಡು ಸಲ ತೆಗೆದಿಟ್ಟರೆ 48,000. ಉಳಿದ 62,000ಕ್ಕೆ ಬ್ಯಾಂಕಿನ ಕಂತಿನ ಸಾಲ, ಅಥವಾ ಬೆಲೆ ಅನುಕೂಲಿಸಿದರೆ ಹಣ್ಣಿನ ಹಣ. ಕೊಟ್ಟದ್ದನ್ನೆಲ್ಲ ಬ್ಯಾಂಕಿನ ಖಾತೆಯ ಮೂಲಕವೇ ಸಲ್ಲಿಸಿದರೆ ಮುಂದೆ ವಾದಕ್ಕೆ ಎಡೆಯಿಲ್ಲ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು, ಲಗ್ನಪತ್ರಿಕೆ ಅಚ್ಚಿಗೆ ಹೋಗುವುದಕ್ಕೆ ಮೊದಲು ಭಾವಮೈದುನನ ಮನೆಗೆ ಹೋಗಿ ಅವನ ಮುಂದಿಡಬೇಕು. ಯಾವ ತಿಂಗಳಲ್ಲಿ ಎಷ್ಟು ಬರುವುದೆಂದು ತಿಳಿದರೆ ಹೆಣ್ಣಿನ ತಂದೆಯು ಛತ್ರಕ್ಕೂ ಜವಳಿಗೂ ಅದರಂತೆ ಏರ್ಪಾಡು ಮಾಡಿಕೊಳ್ಳಬಲ್ಲನು.